ಒಂದನೇ ತಾರೀಕಿನ ಮೊಸಳೆ

“ಸರ್, ನಂಗೆ ಈ ತಾರೀಕು ಬೇಡ. ಬೇರೆ ಯಾವುದಾದ್ರೂ ಕೊಡಿ,” ಎಂದಳು ಪಿಟೀಲು.

ಸೋಷಿಯಲ್ ಸರ್ ಕಂಪ್ಯೂಟರ್ ರೂಮಿಗೆ ಬೀಗ ಹಾಕಲು ಜೇಬಿನಲ್ಲಿ ಕೀಲಿ ಹುಡುಕುತ್ತಿದ್ದರು. “ತಾರೀಕು ಏನು ಚಪ್ಪಲಿನಾ, ಸೈಜ್ ಸರಿಹೋಗ್ಲಿಲ್ಲ ಅಂತ ಬದಲಾಯಿಸೋಕೆ? ಸೆಪ್ಟೆಂಬರ್ ಒಂದು ನಿಂದು. ನಾಳೆ ಬೆಳಿಗ್ಗೆ ಓದ್ತೀಯ. ಮುಗೀತು.”

ಅವರ ಶಾಲೆಯಲ್ಲಿ ದಿನಾ ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಇಬ್ಬರು ಮಕ್ಕಳು ವೇದಿಕೆ ಹತ್ತಬೇಕು. ಒಬ್ಬರು ಅಂದಿನ ಸುದ್ದಿ ಓದಬೇಕು. ಇನ್ನೊಬ್ಬರು ‘ಇತಿಹಾಸದಲ್ಲಿ ಈ ದಿನ’ ಓದಬೇಕು. ಎಂದರೆ, ಹಿಂದೆ ಬೇರೆ ಬೇರೆ ವರ್ಷಗಳಲ್ಲಿ ಇದೇ ತಾರೀಕಿನಂದು ಜಗತ್ತಿನಲ್ಲಿ ಏನೇನು ನಡೆದಿತ್ತು ಎಂದು ಹುಡುಕಿ ಹೇಳಬೇಕು. ಅವಳ ಕ್ಲಾಸಿನ ಒಬ್ಬಳಿಗೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದಿನವೇ ಸಿಕ್ಕಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಪಿಟೀಲಿಗೆ ಸಿಕ್ಕಿದ್ದು ಇದು. ೧೮೫೯ರ ಆ ದಿನ ಸೂರ್ಯನಲ್ಲಿ ಭಾರಿ ಸ್ಫೋಟ ಕಾಣಿಸಿತ್ತು. ೧೯೨೩ರ ಆ ದಿನ ಜಪಾನಿನಲ್ಲಿ ಭೂಕಂಪವಾಗಿ ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದರು. ೧೯೩೯ರ ಆ ದಿನ ಎರಡನೇ ಮಹಾಯುದ್ಧ ಶುರುವಾಗಿತ್ತು. ಮುಳುಗಿಹೋದ ಟೈಟಾನಿಕ್ ಹಡಗು ಸಮುದ್ರದ ತಳದಲ್ಲಿ ಕಂಡಿದ್ದೂ ಅದೇ ದಿನ, ೧೯೮೫ರಲ್ಲಿ.

“ಅಯ್ಯೋ, ನಿನ್ನ ತಾರೀಕು ಸರಿಯಿಲ್ಲ ಕಣೇ,” ಎಂದ ರೇಡಿಯೋ. ನಾಳೆ ಸುದ್ದಿ ಓದುವವನು ಅವನೇ. ಯಾರ ಮನೆಯಲ್ಲಿ ಏನಾದರೂ ಮೊದಲು ಅವನ ಬಾಯಲ್ಲಿ ಕೇಳಬೇಕು, ಅದಕ್ಕೇ ಆ ಹೆಸರು. “ನಾನಾಗಿದ್ರೆ ಆವತ್ತು ಮನೆಯಿಂದ ಆಚೆ ಕಾಲಿಡ್ತಿರ್ಲಿಲ್ಲ.”

“ಸುಮ್ನಿರೋ,” ಎಂದಳು ಪಿಟೀಲು. ಆದರೆ ಬರೆದುಕೊಂಡಿದ್ದನ್ನು ಮತ್ತೆ ಮೊದಲಿನಿಂದ ಓದಿದಳು.

ಅವಳ ಹೆಸರಿನ ಕತೆ ಬೇರೆ. ಹುಟ್ಟಿದಾಗ ಒಂದೇ ಸಮನೆ ಸಣ್ಣ ದನಿಯಲ್ಲಿ ಅಳುತ್ತಿದ್ದಳಂತೆ. “ಶುರುವಾಯ್ತು ಪಿಟೀಲು,” ಎನ್ನುತ್ತಿದ್ದನಂತೆ ಅಪ್ಪ. ಅಳು ನಿಂತಿತು, ಹೆಸರು ನಿಂತುಬಿಟ್ಟಿತು. ಈಗ ಅಳುವ ಬದಲು ಮಾತಾಡುತ್ತಾಳೆ. ಯಾವುದನ್ನಾದರೂ ಹಿಡಿದರೆ ಬಿಡದೆ ಕುಯ್ಯುತ್ತಾಳೆ.

ಆದರೆ ಒಂದು ವಿಷಯ ಮಾತ್ರ ಅವಳು ಯಾರ ಹತ್ತಿರವೂ ಆಡುವವಳಲ್ಲ. ಅವಳ ಅಪ್ಪ ಎತ್ತರದ ಕಟ್ಟಡಗಳ ಗಾಜು ಒರೆಸುವವನು. ಮೇಲಿನಿಂದ ಹಗ್ಗ ಇಳಿಬಿಟ್ಟು, ಅದಕ್ಕೆ ಜೋತುಬಿದ್ದು, ಒಂದೊಂದೇ ಕಿಟಕಿ ಒರೆಸುತ್ತಾ ಕೆಳಗೆ ಬರುತ್ತಾನೆ. ಕ್ಲಾಸಿನವರೆಲ್ಲ “ಸೂಪರ್ ಕಣೇ ನಿಮ್ಮಪ್ಪ” ಎನ್ನುತ್ತಾರೆ. ಪಿಟೀಲು ನಗುತ್ತಾಳೆ. ಸಂಜೆ ಮೆಟ್ಟಿಲ ಮೇಲೆ ಅಪ್ಪನ ಶೂ ಸಪ್ಪಳ ಕೇಳುವವರೆಗೆ ಅವಳ ಒಳಗೆ ಏನೋ ಒಂದು ಬಿಗಿಯಾಗಿ ಕಟ್ಟಿಕೊಂಡಿರುತ್ತದೆ ಎಂದು ಯಾರಿಗೂ ಗೊತ್ತಿಲ್ಲ.

*

ಅಂದು ಸಂಜೆ ಅಪ್ಪ ನೆಲದ ಮೇಲೆ ಹಳೇ ಬೆಡ್‌ಶೀಟ್ ಹಾಸಿ, ಕೆಲಸದ ಸಾಮಾನೆಲ್ಲ ಹರಡಿಕೊಂಡು ಕೂತಿದ್ದ. ಸೊಂಟದ ಬೆಲ್ಟು, ಕೊಕ್ಕೆಗಳು, ನೀರು ಎಳೆಯುವ ವೈಪರ್, ಮತ್ತೆ ಮೊಸಳೆ.

ಮೊಸಳೆ ಎಂದರೆ ಅಂಗೈಯಷ್ಟಗಲದ ಒಂದು ಉಕ್ಕಿನ ಹಿಡಿ. ಅದಕ್ಕೆ ಹಲ್ಲುಗಳಿವೆ. ಅಪ್ಪ ಇಳಿಯುವಾಗ ಪಕ್ಕದಲ್ಲಿ ಎರಡನೇ ಹಗ್ಗವೊಂದು ಇರುತ್ತದೆ. ಮೊಸಳೆ ಆ ಹಗ್ಗದ ಮೇಲೆ ಸುಮ್ಮನೆ ಜಾರಿಕೊಂಡು ಬರುತ್ತಿರುತ್ತದೆ. ಅಕಸ್ಮಾತ್ ಮೊದಲನೇ ಹಗ್ಗ ಕೈಕೊಟ್ಟು ಅಪ್ಪ ದಬಕ್ಕನೆ ಕೆಳಗೆ ಬಿದ್ದರೆ, ಮೊಸಳೆ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಆಮೇಲೆ ಬಿಡುವುದಿಲ್ಲ.

“ನಾಳೆ ಗಾಜಿನ ಟವರ್,” ಎಂದ ಅಪ್ಪ ಅಮ್ಮನಿಗೆ. “ಊರಿಗೆಲ್ಲ ಎತ್ತರದ್ದು. ನಾಡಿದ್ದು ಯಾರೋ ದೊಡ್ಡವರು ನೋಡೋಕೆ ಬರ್ತಾರಂತೆ. ನಾಳೆಯೊಳಗೆ ಮುಂಭಾಗ ಪಳಪಳ ಅನ್ಬೇಕಂತೆ.”

ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ದಿನವಿಡೀ ನಿಂತ ಕಾಲನ್ನು ಚಾಚಿಕೊಂಡು ಕೂತಿದ್ದಳು. “ಅವರಿಗೇನು, ಮೇಲೆ ನೋಡ್ತಾರೆ, ಕತ್ತು ನೋವು ಅಂತಾರೆ, ಹೋಗ್ತಾರೆ,” ಎಂದಳು.

ಪಿಟೀಲಿನ ಕೈಯಲ್ಲಿದ್ದ ಪೆನ್ಸಿಲ್ ನಿಂತುಬಿಟ್ಟಿತು.

“ನಾಳೆ ಬೇಡಪ್ಪ. ನಾಡಿದ್ದು ಮಾಡು.”

“ಯಾಕಮ್ಮ, ನಾಳೆಗೆ ಏನು ಬಂದಿದೆ?”

“ನಾಳೆ ಒಂದನೇ ತಾರೀಕು.”

“ಹೌದಮ್ಮ. ತಿಂಗಳಿಗೊಂದ್ಸಲ ಬರುತ್ತೆ ಅದು.”

ಪಿಟೀಲು ತಾನು ಹುಡುಕಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಅಪ್ಪ ಕೊಕ್ಕೆಗೆ ಎಣ್ಣೆ ಬಿಡುತ್ತಾ ಗಂಭೀರವಾಗಿ ಕೇಳಿಸಿಕೊಂಡ.

“ಭೂಕಂಪ ಎಲ್ಲಿ ಆಗಿದ್ದು?”

“ಜಪಾನ್.”

“ಯುದ್ಧ?”

“ಪೋಲೆಂಡ್‌ನಲ್ಲಿ ಶುರುವಾಗಿದ್ದು.”

“ಹಡಗು?”

“ಸಮುದ್ರದ ತಳದಲ್ಲಿ.”

“ನಾನು ಮೂರು ಕಡೆನೂ ಹೋಗ್ತಿಲ್ಲ ತಾಯಿ. ಟವರ್ ಇರೋದು ಬಸ್ ಸ್ಟ್ಯಾಂಡ್ ಹಿಂದೆ.”

ಅಮ್ಮ ನಕ್ಕಳು. ಅಪ್ಪನೂ ನಕ್ಕ. “ಸೂರ್ಯನದ್ದು ಬಿಟ್ರಿ,” ಎಂದು ಅಮ್ಮ ಇನ್ನಷ್ಟು ನಕ್ಕಳು. “ಅದು ಟವರಿಗೂ ಕಾಣುತ್ತೆ.”

ಪಿಟೀಲು ನಗಲಿಲ್ಲ. ಅಪ್ಪ ಎಲ್ಲ ಸಾಮಾನನ್ನೂ ಬ್ಯಾಗಿಗೆ ತುಂಬಿ, ಜಿಪ್ ಎಳೆದು, ಬ್ಯಾಗನ್ನು ಬಾಗಿಲ ಪಕ್ಕ ಇಟ್ಟ. ರಾತ್ರಿಯೇ ತುಂಬಿಟ್ಟರೆ ಬೆಳಿಗ್ಗೆ ಮತ್ತೆ ತೆರೆದು ನೋಡುವ ಅಭ್ಯಾಸ ಅವನಿಗಿಲ್ಲ. ನೇರ ಹೆಗಲಿಗೇರಿಸಿ ಹೊರಡುತ್ತಾನೆ. ಅದು ಪಿಟೀಲಿಗೆ ಗೊತ್ತಿತ್ತು.

ಭಯ ಅವಳಿಗೆ ಹೊಸದಲ್ಲ. ಆದರೆ ಇಷ್ಟು ದಿನ ಅದಕ್ಕೊಂದು ತಾರೀಕು ಇರಲಿಲ್ಲ.

*

ಬೆಳಿಗ್ಗೆ ಅಪ್ಪ ಬಚ್ಚಲಲ್ಲಿದ್ದ. ಅಮ್ಮ ಒಲೆಯ ಮುಂದೆ. ಪಿಟೀಲು ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತು ಬ್ಯಾಗಿನ ಜಿಪ್ಪನ್ನು ಸದ್ದಾಗದಂತೆ ಎಳೆದಳು.

ಮೊಸಳೆ ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು. ತಣ್ಣಗೂ ಇತ್ತು. ಅದನ್ನು ತನ್ನ ಶಾಲೆ ಬ್ಯಾಗಿನಲ್ಲಿ ಊಟದ ಡಬ್ಬಿಯ ಕೆಳಗೆ ತುರುಕಿದಳು.

ಅವಳ ಲೆಕ್ಕ ಸುಲಭವಾಗಿತ್ತು. ಅಪ್ಪ ಟವರಿನ ಮೇಲೆ ಹೋಗಿ ಬ್ಯಾಗ್ ತೆರೆಯುತ್ತಾನೆ. ಮೊಸಳೆ ಇರುವುದಿಲ್ಲ. ಮೊಸಳೆ ಇಲ್ಲದೆ ಇಳಿಯುವ ಹಾಗಿಲ್ಲ. ಬೈದುಕೊಂಡು ಮನೆಗೆ ವಾಪಸ್ ಬರುತ್ತಾನೆ. ಸಂಜೆ ಅವಳು ಅದನ್ನು ಮಂಚದ ಕೆಳಗೆ ಇಟ್ಟು, “ಅಪ್ಪ, ಇಲ್ಲೇ ಬಿದ್ದಿತ್ತು ನೋಡು,” ಎನ್ನುತ್ತಾಳೆ. ಅಷ್ಟರೊಳಗೆ ಒಂದನೇ ತಾರೀಕು ಮುಗಿದಿರುತ್ತದೆ.

ಅಪ್ಪ ತಲೆ ಒರೆಸಿಕೊಂಡು ಬಂದ. ಬ್ಯಾಗನ್ನು ಹೆಗಲಿಗೇರಿಸಿದ. ತೆರೆಯಲಿಲ್ಲ.

“ಚೆನ್ನಾಗಿ ಓದು, ಪಿಟೀಲು. ಮೈಕ್ ಹತ್ರ ಜಾಸ್ತಿ ಹೋಗ್ಬೇಡ, ಅದು ಕಿರುಚುತ್ತೆ,” ಎಂದು ತಲೆ ಸವರಿ ಹೋದ.

*

“ನನ್ನ ಕನ್ನಡಕ ಮನೇಲೇ ಬಿಟ್ಟು ಬಂದೆ ಕಣೇ,” ಎಂದ ರೇಡಿಯೋ, ವೇದಿಕೆಯ ಮೆಟ್ಟಿಲ ಹತ್ತಿರ. ಸುದ್ದಿಯ ಹಾಳೆಯನ್ನು ಮೂಗಿಗೆ ಅಂಟಿಸಿಕೊಳ್ಳುವಷ್ಟು ಹತ್ತಿರ ಹಿಡಿದಿದ್ದ.

“ಮತ್ತೆ ಹೋಗಿ ತಗೊಂಡು ಬಾ.”

“ಅಷ್ಟು ದೂರ ಯಾರು ಹೋಗ್ತಾರೆ? ಪ್ರೇಯರ್ ಮುಗಿಯುತ್ತೆ.”

“ಕನ್ನಡಕ ಇಲ್ದೆ ಹೇಗೆ ಓದ್ತೀಯ?”

“ಒಂದಿನ ತಾನೇ,” ಎಂದ ರೇಡಿಯೋ. “ಅಂದಾಜಲ್ಲಿ ಓದ್ತೀನಿ ಬಿಡು. ನಡೆಯುತ್ತೆ.”

ಅವನು ಮೆಟ್ಟಿಲು ಹತ್ತಿ ಹೋಗಿ ಅಂದಾಜಿನಲ್ಲೇ ಓದತೊಡಗಿದ. ಎರಡು ಕಡೆ ತಪ್ಪಿದ. ಯಾರೂ ಗಮನಿಸಲಿಲ್ಲ.

ಪಿಟೀಲು ಮಾತ್ರ ಹಾವು ಮೆಟ್ಟಿದವಳ ಹಾಗೆ ನಿಂತಿದ್ದಳು.

ಕನ್ನಡಕ ಇಲ್ಲ ಎಂದು ರೇಡಿಯೋ ಮನೆಗೆ ಹೋಗಲಿಲ್ಲ. ಹಾಗೇ ಹತ್ತಿದ. ಅಪ್ಪ? ಇವತ್ತೇ ಪಳಪಳ ಅನ್ನಬೇಕು ಎಂದಿದ್ದಾರೆ. ಅಪ್ಪ ಬ್ಯಾಗ್ ತೆರೆಯುತ್ತಾನೆ, ಮೊಸಳೆ ಇಲ್ಲ, ಮನೆ ದೂರ. ಒಂದಿನ ತಾನೇ, ಎಂದುಕೊಂಡರೆ?

ಮೊದಲನೇ ಹಗ್ಗವೊಂದೇ. ಅದು ಕೈಕೊಟ್ಟರೆ ಕಚ್ಚಿ ಹಿಡಿಯಲು ಏನೂ ಇಲ್ಲ. ಕಚ್ಚಿ ಹಿಡಿಯುವುದು ಇಲ್ಲಿ, ಅವಳ ಬ್ಯಾಗಿನಲ್ಲಿ, ಊಟದ ಡಬ್ಬಿಯ ಕೆಳಗಿದೆ.

“ಈಗ, ಇತಿಹಾಸದಲ್ಲಿ ಈ ದಿನ,” ಎಂದರು ಮೈಕಿನ ಪಕ್ಕ ನಿಂತಿದ್ದ ಪಿ.ಟಿ. ಮೇಡಂ.

ಪಿಟೀಲು ವೇದಿಕೆ ಹತ್ತಿದಳು. ಕೈಯಲ್ಲಿದ್ದ ಹಾಳೆ ಬಿಡಿಸಿದಳು. “ಇಂದು ಸೆಪ್ಟೆಂಬರ್ ಒಂದು,” ಎಂದಳು. ಮೈಕ್ ಕಿರುಚಿತು. ಎಲ್ಲರೂ ನಕ್ಕರು.

ಮುಂದಿನ ಅಕ್ಷರ ಅವಳಿಗೆ ಕಾಣಲೇ ಇಲ್ಲ. ಅವಳು ಹಾಳೆಯನ್ನು ಮಡಚಿ, ಪಿ.ಟಿ. ಮೇಡಂ ಕೈ ಹಿಡಿದುಕೊಂಡಳು.

“ಮೇಡಂ, ನಮ್ಮಪ್ಪ ಬಿದ್ದುಬಿಡ್ತಾರೆ.”

*

ಪಿ.ಟಿ. ಮೇಡಂ ಹೆಚ್ಚು ಮಾತಿನವರಲ್ಲ. ಸೀಟಿ ಊದುವುದೇ ಅವರ ಮಾತು. ಪಿಟೀಲು ಬ್ಯಾಗಿನಿಂದ ಮೊಸಳೆ ತೆಗೆದು ತೋರಿಸಿ, ತಡವರಿಸುತ್ತಾ ಎಲ್ಲ ಹೇಳಿದಳು. ಅವರು ಯಾಕೆ, ಏನು ಎನ್ನಲಿಲ್ಲ. ಆಫೀಸಿನ ಫೋನ್ ಎತ್ತಿ ಕೈಗೆ ಕೊಟ್ಟರು.

ಅಪ್ಪನ ಫೋನ್ ರಿಂಗ್ ಆಯಿತು. ಆಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

“ಹಗ್ಗಕ್ಕೆ ಇಳಿಯೋವಾಗ ಜೇಬಲ್ಲಿ ಏನೂ ಇಟ್ಕೊಳಲ್ಲ ಮೇಡಂ. ಕೆಳಗೆ ಯಾರ ತಲೆ ಮೇಲಾದ್ರೂ ಬೀಳುತ್ತೆ ಅಂತ. ವಾಚ್‌ಮನ್ ಹತ್ರ ಕೊಟ್ಟಿರ್ತಾರೆ. ಅವರು ಬೇರೆಯವರ ಫೋನ್ ಎತ್ತಲ್ಲ,” ಎಂದಳು ಪಿಟೀಲು. ಹೇಳುತ್ತಿದ್ದಂತೆ ಅದರ ಅರ್ಥ ಅವಳಿಗೇ ತಿಳಿಯಿತು. ಫೋನ್ ಕೊಟ್ಟಾಗಿದೆ ಎಂದರೆ, ಇಳಿಯುವ ಹೊತ್ತಾಗಿದೆ.

ಅಮ್ಮನ ಲಾಂಡ್ರಿಗೆ ಮಾಡಿದರೆ ಅಲ್ಲಿ ಮಷಿನ್ ಸದ್ದಿಗೆ ಫೋನ್ ಕೇಳಿಸುವುದೇ ಇಲ್ಲ.

ಮೇಡಂ ಹೆಡ್‌ಮಿಸ್ ಕಿವಿಯಲ್ಲಿ ಏನೋ ಹೇಳಿ ಬಂದರು. “ಬಾ,” ಎಂದರು. ಸ್ಕೂಟರ್ ಸ್ಟಾರ್ಟ್ ಮಾಡಿದರು. ಹಿಂದೆ ಕೂತವಳ ತಲೆಗೆ ತಾವೇ ಒಂದು ಹೆಲ್ಮೆಟ್ ಹಾಕಿ ಗದ್ದದ ಪಟ್ಟಿ ಬಿಗಿದರು.

ಎಲ್ಲ ದೀಪಗಳೂ ಕೆಂಪೇ ಇದ್ದವು. ಒಂದು ಕಡೆ ಲಾರಿಯೊಂದು ರಸ್ತೆಗೆ ಅಡ್ಡ ನಿಂತು ಹಿಂದೆ ಮುಂದೆ ಆಡುತ್ತಿತ್ತು. ಪಿಟೀಲು ಎರಡೂ ಕೈಯಿಂದ ಮೊಸಳೆಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ಅದರ ಹಲ್ಲು ಅಂಗೈಗೆ ಚುಚ್ಚುತ್ತಿತ್ತು. ಚುಚ್ಚಲಿ ಅನ್ನಿಸಿತು.

ಬಸ್ ಸ್ಟ್ಯಾಂಡ್ ದಾಟಿ ತಿರುಗಿದ್ದೇ ಟವರ್ ಕಾಣಿಸಿತು. ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಮೇಲೆ, ತುಂಬ ಮೇಲೆ, ಗಾಜಿನ ಮೇಲೆ ಒಂದು ಕಪ್ಪು ಚುಕ್ಕೆ ನೇತಾಡುತ್ತಿತ್ತು.

ಅದರ ಮೇಲೆ ಕಂಡಿದ್ದು ಒಂದೇ ಹಗ್ಗ.

ಪಿಟೀಲು ಸ್ಕೂಟರ್ ನಿಲ್ಲುವ ಮೊದಲೇ ಇಳಿದು ಓಡಿದಳು. ಗೇಟಿನಲ್ಲಿ ವಾಚ್‌ಮನ್ ತಾತ ಅಡ್ಡ ಬಂದರು.

“ಏಯ್ ಏಯ್, ಎಲ್ಲಿಗೆ ಮರಿ?”

“ಅದು… ನಮ್ಮಪ್ಪ…”

ತಾತ ಮೇಲೆ ನೋಡಿದರು. “ಅದಾ? ಅದು ಮರಳು ಚೀಲ. ಹಗ್ಗ ಗಟ್ಟಿ ಇದ್ಯಾ ಅಂತ ಮೊದಲು ಅದನ್ನ ಇಳಿಬಿಡ್ತಾರೆ. ನಿಮ್ಮಪ್ಪ ಅಷ್ಟು ಹೊತ್ತು ಸುಮ್ನೆ ಇರೋ ಆಸಾಮಿನಾ? ಹಾಡು ಹೇಳ್ಕೊಂಡಲ್ವಾ ಇಳಿಯೋದು?”

ಪಿಟೀಲು ಉಸಿರು ಬಿಟ್ಟಳು. ಅಷ್ಟರಲ್ಲಿ ಕಪ್ಪು ಚುಕ್ಕೆ ಮೆಲ್ಲಗೆ ಮೇಲಕ್ಕೆ ಹೋಗತೊಡಗಿತು.

“ಹಾಂ, ಚೀಲ ಎಳ್ಕೊಳ್ತಿದ್ದಾರೆ,” ಎಂದರು ತಾತ. “ಇನ್ನು ಮನುಷ್ಯ ಇಳೀತಾನೆ.”

*

ಲಿಫ್ಟ್ ಒಂದೊಂದು ಮಹಡಿಯಲ್ಲೂ ನಿಂತಿತು. ಜನ ಹತ್ತಿದರು, ಇಳಿದರು, “ಮೇಲಕ್ಕಾ, ಕೆಳಕ್ಕಾ?” ಎಂದು ಕೇಳಿದರು. ಪಿಟೀಲಿಗೆ ಅವರನ್ನೆಲ್ಲ ಆಚೆ ತಳ್ಳಬೇಕು ಅನ್ನಿಸಿತು. ಪಿ.ಟಿ. ಮೇಡಂ ಅವಳ ಹೆಗಲ ಮೇಲಿನ ಕೈ ತೆಗೆಯಲಿಲ್ಲ.

ಕೊನೆಗೆ ಕಬ್ಬಿಣದ ಬಾಗಿಲು. ಅದನ್ನು ತಳ್ಳಿದರೆ ತಾರಸಿ. ಗಾಳಿ ಮುಖಕ್ಕೆ ಬಡಿಯಿತು. ಗಾಳಿಯ ಜೊತೆ ಅಪ್ಪನ ದನಿ.

“ಏಳೋ ಹಂಡೆ. ಮೇಲಿನ ಒಂದು ಸಾಲು ತಾನೇ. ಅಷ್ಟರಲ್ಲಿ ಯಾರನ್ನಾದ್ರೂ ಕಳ್ಸಿ ಮೊಸಳೆ ತರಿಸಿದ್ರಾಯ್ತು.”

ಅಪ್ಪ ಗೋಡೆಯ ಅಂಚಿನ ಹತ್ತಿರ ನಿಂತಿದ್ದ. ಬೆಲ್ಟು ಕಟ್ಟಿಕೊಂಡಾಗಿತ್ತು. ಪಕ್ಕದಲ್ಲಿ ಟೈ ಕಟ್ಟಿದ ಮ್ಯಾನೇಜರ್ ವಾಚ್ ನೋಡಿಕೊಳ್ಳುತ್ತಿದ್ದರು. ಇತ್ತ ಹಗ್ಗದ ಸುರುಳಿಯ ಮೇಲೆ ಹಂಡೆ ಮಾವ ಕೂತಿದ್ದ. ಅಮ್ಮನ ತಮ್ಮ ಅವನು. ಹೆಸರಿಗೆ ತಕ್ಕ ಹಾಗೆ ದಪ್ಪ. ಅಪ್ಪ ಕೆಳಗೆ ಇಳಿದರೆ ಮಾವ ಮೇಲೆ ನಿಂತು ಹಗ್ಗ ಕಾಯುತ್ತಾನೆ.

“ಏಳಲ್ಲ ಭಾವ,” ಎಂದ ಮಾವ.

“ನೋಡಿ, ಒಂದಿನದ ಮಾತು,” ಎಂದರು ಮ್ಯಾನೇಜರ್. “ಹಗ್ಗ ಟೆಸ್ಟ್ ಮಾಡಾಯ್ತಲ್ಲ. ಇಷ್ಟು ವರ್ಷ ಬಿದ್ದಿಲ್ಲ, ಇವತ್ತೇ ಬೀಳ್ತಾರಾ?”

“ಅದೇ ನಾನೂ ಹೇಳ್ತಿರೋದು,” ಎಂದ ಅಪ್ಪ. “ಏಳೋ, ಹೊತ್ತಾಯ್ತು.”

“ನೀವು ಏನಾದ್ರೂ ಹೇಳಿ. ನನ್ನ ಕೈ ಮೊಸಳೆ ಮುಟ್ಬೇಕು. ಮುಟ್ಟೋವರೆಗೂ ನಾನು ಏಳಲ್ಲ. ನನ್ನ ಎತ್ತಿ ಪಕ್ಕಕ್ಕೆ ಇಡೋಕೆ ನಿಮ್ಮಿಬ್ಬರಿಂದಾನೂ ಆಗಲ್ಲ.”

ಪಿಟೀಲಿಗೆ ಕೂಗಬೇಕಿತ್ತು. ದನಿ ಹೊರಡಲಿಲ್ಲ. ಇಷ್ಟೆಲ್ಲ ಮಾತಾಡುವವಳಿಗೆ ಒಂದು ‘ಅಪ್ಪ’ ಎನ್ನಲು ಆಗಲಿಲ್ಲ. ಅವಳು ಎರಡೂ ಕೈಯಲ್ಲಿ ಮೊಸಳೆಯನ್ನು ಮುಂದಕ್ಕೆ ಚಾಚಿ ಬಾಗಿಲಲ್ಲೇ ನಿಂತಳು.

ಮೊದಲು ನೋಡಿದ್ದು ಮಾವ. ಆಮೇಲೆ ಅಪ್ಪ.

“ಅರೆ, ಸಿಕ್ತಲ್ಲ,” ಎಂದರು ಮ್ಯಾನೇಜರ್. “ಸರಿ, ಇಳೀರಿ ಮತ್ತೆ.”

ಅಪ್ಪ ಅಂಚು ಬಿಟ್ಟು ಬಂದು ಅವಳ ಮುಂದೆ ಮಂಡಿಯೂರಿದ.

“ಎಲ್ಲಿತ್ತು ಇದು?”

“ನನ್ನ ಬ್ಯಾಗಲ್ಲಿ. ನಾನೇ ತೆಗೆದಿದ್ದು.” ಈಗ ಮಾತು ಬಂತು, ಜೊತೆಗೆ ಅಳುವೂ ಬಂತು. “ಇದಿಲ್ದಿದ್ರೆ ನೀನು ಇಳಿಯಲ್ಲ, ಮನೆಗೆ ವಾಪಸ್ ಬರ್ತೀಯ ಅನ್ಕೊಂಡೆ.”

ಅಪ್ಪ ಬೈಯಲಿಲ್ಲ. ಮೊಸಳೆಯನ್ನು ನೋಡಿದ. ತಿರುಗಿ, ತಾನು ಈಗಷ್ಟೇ ನಿಂತಿದ್ದ ಅಂಚನ್ನು ನೋಡಿದ. ಅವನ ಮುಖದ ಬಣ್ಣವೇ ಇಳಿದುಹೋಯಿತು. ಮಂಡಿಯೂರಿದ್ದವನು ಹಾಗೇ ನೆಲಕ್ಕೆ ಕುಸಿದು ಕೂತ. ಅಪ್ಪ ಹೆದರಿದ್ದನ್ನು ಪಿಟೀಲು ಯಾವತ್ತೂ ನೋಡಿರಲಿಲ್ಲ.

“ಇಳಿದೇಬಿಡ್ತಿದ್ದೆ ಕಣೋ,” ಎಂದ ಮಾವನಿಗೆ, ಮೆಲ್ಲಗೆ.

“ಗೊತ್ತು. ಅದಕ್ಕೇ ಹಗ್ಗದ ಮೇಲೆ ಕೂತಿದ್ದು. ಈ ಮೈಯಿಂದಾನೂ ಒಂದು ಉಪಯೋಗ ಇದೆ ಅಂತ ಸಂಜೆ ಅಕ್ಕಂಗೆ ಹೇಳಿ.”

ಅಪ್ಪ ನಗಲಿಲ್ಲ. ಪಿಟೀಲಿನ ಕೆನ್ನೆ ಒರೆಸಿದ. “ಇನ್ಮೇಲೆ ಭಯ ಆದ್ರೆ ನನ್ನ ಬ್ಯಾಗಿಗೆ ಕೈ ಹಾಕ್ಬೇಡ. ನನ್ನ ಹತ್ರ ಬಂದು ಹೇಳು.”

“ಹೇಳ್ದೆ,” ಎಂದಳು ಪಿಟೀಲು. “ನೀನು ನಕ್ಕೆ.”

ಗಾಳಿಗೆ ಬಕೆಟ್ಟಿನ ಹಿಡಿ ಟಣಟಣ ಎನ್ನುತ್ತಿತ್ತು.

“ಹೌದು,” ಎಂದ ಅಪ್ಪ. “ನಕ್ಕೆ. ತಪ್ಪಾಯ್ತು.”

*

ಮ್ಯಾನೇಜರ್ ಮತ್ತೆ ವಾಚ್ ನೋಡಿಕೊಂಡು ಕೆಮ್ಮಿದರು. ಹಂಡೆ ಮಾವ ಎದ್ದು, ಬೆನ್ನು ನೀವಿಕೊಂಡು, “ಸರ್, ಈ ಕೆಲಸ ಅವಸರದಲ್ಲಿ ಆಗೋದಾಗಿದ್ರೆ ನೀವೇ ಇಳೀತಿದ್ರಿ,” ಎಂದ. ಮ್ಯಾನೇಜರ್ ಟೈ ಸರಿಮಾಡಿಕೊಂಡು ಲಿಫ್ಟಿನ ಕಡೆ ಹೋದರು.

“ಬನ್ನಿ ಭಾವ, ನಿಂತ್ಕೊಳ್ಳಿ,” ಎಂದ ಮಾವ.

ಬಾಗಿಲ ಬಳಿಯೇ, ಅಂಚಿನಿಂದ ದೂರದಲ್ಲಿ, ಅಪ್ಪ ಎರಡೂ ಕೈ ಅಗಲಿಸಿ ನಿಂತ. ಹೊಸ ಬಟ್ಟೆಗೆ ಅಳತೆ ಕೊಡುವವನ ಹಾಗೆ.

“ಬೆಲ್ಟು?” ಎಂದ ಮಾವ.

“ಇದೆ.”

ಇದೆ ಎಂದು ಕೇಳಿಸಿದರೂ ಮಾವ ಸುಮ್ಮನಾಗಲಿಲ್ಲ. ಬೆಲ್ಟಿಗೆ ಕೈ ಹಾಕಿ, ಅಪ್ಪ ಒಂದು ಹೆಜ್ಜೆ ಮುಂದೆ ಬರುವಷ್ಟು ಜೋರಾಗಿ ಎಳೆದ.

“ಕಾಲಿನ ಪಟ್ಟಿ?”

“ಇದೆ.”

ಅದನ್ನೂ ಎಳೆದ. ಕೊಕ್ಕೆಯ ಬಾಯಿಯನ್ನು ಬೆರಳಿನಿಂದ ಒತ್ತಿ ನೋಡಿದ. ಶೂ ಲೇಸು ಕೂಡ ಬಿಡಲಿಲ್ಲ.

“ಮಾವ, ಅಪ್ಪ ಇದೆ ಅಂದ್ರಲ್ಲ. ಮತ್ತೆ ಯಾಕೆ ಎಳೀತೀಯ?”

“ಅವರು ಇದೆ ಅಂದ್ರೆ ನಂಗೇನು ಗೊತ್ತಾಯ್ತು? ನನ್ನ ಕೈಗೆ ಗೊತ್ತಾಗ್ಬೇಕು.” ಮಾವ ಅವಳ ಕಡೆ ತಿರುಗಿದ. “ನೀನೂ ನೋಡ್ತೀಯ?”

ಅವಳು ಅಪ್ಪನ ಮುಖ ನೋಡಿದಳು. ಅಪ್ಪ ತಲೆಯಾಡಿಸಿದ.

ಪಿಟೀಲು ಬೆಲ್ಟು ಹಿಡಿದು ಎಳೆದಳು. ಕೊಕ್ಕೆ ಒತ್ತಿದಳು. ಮಾವ ಎರಡನೇ ಹಗ್ಗದ ತುದಿಯನ್ನು ತಂದು ಮೊಸಳೆಯ ಬಾಯೊಳಗೆ ಹಾಯಿಸಿ ಕೊಟ್ಟ. ಅವಳು ಮೊಸಳೆಯನ್ನು ಮೆಲ್ಲಗೆ ಎಳೆದಾಗ ಅದು ನುಣ್ಣಗೆ ಜಾರಿತು. ಜೋರಾಗಿ ಜಗ್ಗಿದಾಗ ಕರಕ್ಕೆಂದು ಕಚ್ಚಿ ನಿಂತಿತು. ಮತ್ತೊಮ್ಮೆ ಜಗ್ಗಿದಳು. ಮತ್ತೆ ಕಚ್ಚಿತು.

“ಭಯ ಇದ್ಯಾ ಇನ್ನೂ?” ಎಂದ ಮಾವ.

“ಹೂಂ.”

“ನಂಗೂ ಇದೆ.”

“ಇವತ್ತಾ?”

“ದಿನಾ. ಇವತ್ತು ತಾರೀಕು ಎಷ್ಟು ಅಂತಾನೂ ನಂಗೆ ಗೊತ್ತಿಲ್ಲ.”

*

ಕೆಳಗೆ ಬಂದಾಗ ಪಿ.ಟಿ. ಮೇಡಂ ಸ್ಕೂಟರಿನ ಹತ್ತಿರ ಹೋಗಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ, ಅಂಗಡಿಯೊಂದರ ನೆರಳಿನಲ್ಲಿ ನಿಂತರು. ಅವರೂ ಮೇಲೆ ನೋಡುತ್ತಿದ್ದರು.

“ನೀನು ಓದ್ಬೇಕಿತ್ತಲ್ಲ, ಜಪಾನಿನ ಭೂಕಂಪ,” ಎಂದರು. “ಅಲ್ಲಿ ಈಗಲೂ ಈ ತಾರೀಕಿಗೆ ಮಕ್ಕಳು ಏನು ಮಾಡ್ತಾರೆ ಗೊತ್ತಾ?”

“ರಜಾನಾ?”

“ರಜಾ ಅಲ್ಲ. ಶಾಲೆಗಳಲ್ಲಿ ಗಂಟೆ ಹೊಡೀತಾರೆ. ಮಕ್ಕಳೆಲ್ಲ ಮೇಜಿನ ಕೆಳಗೆ ತೂರಿಕೊಂಡು, ಮೇಜಿನ ಕಾಲು ಗಟ್ಟಿಯಾಗಿ ಹಿಡ್ಕೊಂಡು ಕೂರ್ತಾರೆ. ಆಮೇಲೆ ಸಾಲಾಗಿ ಮೈದಾನಕ್ಕೆ ಹೋಗ್ತಾರೆ. ಭೂಮಿ ನಡುಗಿದ್ರೆ ಹೇಗೆ ಮಾಡ್ಬೇಕು ಅಂತ ಅಭ್ಯಾಸ. ಅದಕ್ಕೆ ಅಂತಲೇ ಈ ದಿನ ಇಟ್ಕೊಂಡಿದ್ದಾರೆ.”

“ಆವತ್ತು ಭೂಕಂಪ ಆಗುತ್ತಾ?”

“ಆಗಲ್ಲ. ಆದರೂ ಕೂರ್ತಾರೆ.”

ಪಿಟೀಲು ಮತ್ತೆ ಮೇಲೆ ನೋಡಿದಳು. ಟವರಿನ ತುದಿಯಲ್ಲಿ, ಆಕಾಶಕ್ಕೆ ಅಂಟಿಕೊಂಡ ಹಾಗೆ, ಎರಡು ಶೂಗಳು ಕಾಣಿಸಿದವು.

ಕಣ್ಣು ಮುಚ್ಚಿಕೊಳ್ಳಬೇಕು ಅನ್ನಿಸಿತು. ಮುಚ್ಚಲಿಲ್ಲ. ಶೂಗಳ ಹಿಂದೆ ಕಾಲು ಬಂತು, ಬೆನ್ನು ಬಂತು. ಅಪ್ಪ ಗಾಜಿಗೆ ಪಾದ ಊರಿ ಒಂದು ಸಲ ತೂಗಿದ. ಬಿಸಿಲಿಗೆ ಅಂಗೈ ಅಡ್ಡ ಹಿಡಿದು ನೋಡಿದಳು. ಅಪ್ಪನ ಮೇಲೆ ಒಂದು ಗೆರೆ, ಅದರ ಪಕ್ಕದಲ್ಲಿ ಇನ್ನೊಂದು ಗೆರೆ.

“ಹೋಗೋಣ್ವಾ?” ಎಂದರು ಮೇಡಂ.

“ಒಂದು ಕಿಟಕಿ ಆಗ್ಲಿ ಮೇಡಂ.”

ಅಪ್ಪ ಸೋಪಿನ ನೀರು ಬಳಿದ. ವೈಪರ್ ಎಳೆದ. ಧೂಳು ಹಿಡಿದ ಗಾಜಿನ ನಡುವೆ ಒಂದು ಚೌಕ ತೊಳೆದ ಹಾಗೆ ನೀಲಿಯಾಯಿತು.

ಇಬ್ಬರೂ ಸ್ಕೂಟರಿನ ಹತ್ತಿರ ಬಂದರು. ಪಿಟೀಲು ತನ್ನ ಹೆಲ್ಮೆಟ್ ಹಾಕಿಕೊಂಡು ಪಟ್ಟಿ ಬಿಗಿದಳು. ಪಿ.ಟಿ. ಮೇಡಂ ತಮ್ಮದನ್ನು ತಲೆಗೆ ಇಟ್ಟುಕೊಂಡು ಕೀಲಿ ತಿರುಗಿಸಿದರು.

“ರೆಡಿನಾ? ಗಟ್ಟಿಯಾಗಿ ಹಿಡ್ಕೋ.”

ಪಿಟೀಲು ಹತ್ತಲಿಲ್ಲ. ಮುಂದೆ ಬಂದು ನಿಂತಳು. ಹಾಕಿದ್ದೀರಾ ಎಂದು ಕೇಳಲಿಲ್ಲ. ಕೈ ಚಾಚಿ ಮೇಡಂ ಗದ್ದದ ಕೆಳಗಿನ ಪಟ್ಟಿಯನ್ನು ಹಿಡಿದು ಎಳೆದಳು.

ಪಟ್ಟಿ ಸಲೀಸಾಗಿ ಅವಳ ಕೈಗೇ ಬಂತು. ಬಕಲ್ ಹಾಕಿರಲೇ ಇಲ್ಲ.

ಮೇಡಂ ಗದ್ದ ಎತ್ತಿ ನಿಂತರು.

ಪಿಟೀಲು ತುದಿಗಾಲಲ್ಲಿ ನಿಂತು ಪಟ್ಟಿಯನ್ನು ಬಕಲ್ಲಿಗೆ ಒತ್ತಿದಳು. ಟಕ್ ಎಂದಿತು. ಆಮೇಲೂ ಬಿಡಲಿಲ್ಲ. ಇನ್ನೊಮ್ಮೆ ಎಳೆದು ನೋಡಿ, ಹಿಂದೆ ಹತ್ತಿ ಕೂತಳು.